ಹರಿಯದ ಉಡಿದಾರ

ಸರ್ಕಾರ ಬಿಪಿ ಮಷೀನುಗಳನ್ನೆಲ್ಲ ಗುಜರಿಗೆ ಹಾಕಿ, ಹಳ್ಳಿಯವರ ಸೊಂಟಕ್ಕೆಲ್ಲ ಒಂದೇ ಅಳತೆಯ ಹಸಿರು ಉಡಿದಾರ ಕಟ್ಟಿಸಿತ್ತು. ಹೊಟ್ಟೆ ಬೆಳೆದು ದಾರ ಹರಿದರೆ ಬಿಪಿ. ತುಂಡಾದ ದಾರ ತೋರಿಸಿದವರಿಗೆ ಮಾತ್ರ ಗುಳಿಗೆ.

ಹುಲಗಪ್ಪ ಕಡ್ಡಿಯಂಥ ಆಳು. ಬೆಳಿಗ್ಗೆಯಿಂದ ತಲೆ ಸಿಡಿಯುತ್ತಿತ್ತು, ಮೂಗಿನಲ್ಲಿ ರಕ್ತ. ಹೆಂಡತಿ ದ್ಯಾವವ್ವ ಅವನ ದಾರಕ್ಕೆ ಕುಡುಗೋಲು ಹಚ್ಚಿದವಳು, ಕತ್ತರಿಸದೆ ಹಿಂದೆಗೆದಿದ್ದಳು. ಗಂಡಸಿನ ಉಡಿದಾರ ಕತ್ತರಿಸುವುದು ಹೆಣವಾದ ಮೇಲೆ. ಅದಕ್ಕೇ ಅವನನ್ನು ಆಸ್ಪತ್ರೆಗೆ ನಡೆಸಿಕೊಂಡು ಬಂದಿದ್ದಳು.

ನರ್ಸ್ ಅಂಗಿ ಎತ್ತಿ ನೋಡಿದಳು. "ದಾರ ಸಡ್ಲ ಐತಿ. ಬಿಪಿ ಇಲ್ಲ, ನಡೀರಿ."

"ನೀವರ ಕತ್ತರಸ್ರಿ ಅಕ್ಕಾರ, ಕಾಲಿಗೆ ಬೀಳ್ತೀನಿ."

"ಜೀವ ಇದ್ದಾವಂದು ಕತ್ತರಸಂತೀಯಲ್ಲ, ಹೆಂಡ್ತಿ ಏನ ನೀನು?"

ದ್ಯಾವವ್ವ ನಾಚಿ ತಲೆ ತಗ್ಗಿಸಿದಳು. ಹುಲಗಪ್ಪ ಹೊಸ್ತಿಲು ದಾಟಿದವನು ಮೆಟ್ಟಿಲ ಮೇಲೆ ಕುಸಿದ. ಮತ್ತೆ ಏಳಲಿಲ್ಲ.

ನರ್ಸ್ ಕತ್ತರಿ ಹಿಡಿದು ಹೊರಗೆ ಬಂದಳು. ನಾಡಿ ನೋಡಿ, ಪದ್ಧತಿ ಪ್ರಕಾರ ದಾರ ಕತ್ತರಿಸಿ ದ್ಯಾವವ್ವನ ಅಂಗೈಯಲ್ಲಿಟ್ಟಳು. ಆಮೇಲೆ ಏನೋ ನೆನಪಾದವಳಂತೆ ಒಳಗೆ ಹೋಗಿ ಒಂದು ಪೊಟ್ಟಣ ತಂದಳು.

"ಈಗ ದಾರ ತುಂಡಾತಲ್ಲ, ತಗೋ. ದಿನಾ ಒಂದು, ಊಟ ಆದಮ್ಯಾಲೆ."