ಮೂರನೇ ಸುತ್ತಿನ ತೀರ್ಪು

“ಒಪ್ಕೊಂಡ್ಬಿಡೋ. ಇವತ್ತಾದ್ರೂ ಒಪ್ಕೋ,” ಎಂದು ಹುಸೇನಪ್ಪ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಶುರುಮಾಡಿದ.

ಶಿವಾಜಿನಗರದ ಆ ಸ್ಪೇರ್ ಪಾರ್ಟ್ಸ್ ಅಂಗಡಿ ಜಿಯಾವುಲ್ಲಾನದು. ಅವನ ಅಪ್ಪ ಅಕ್ತರ್ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಚಹಾ ಹೀರುತ್ತಿದ್ದ. ಹುಸೇನಪ್ಪನನ್ನು ಕಂಡದ್ದೇ ಜಿಯಾವುಲ್ಲಾ ಹಣೆ ಚಚ್ಚಿಕೊಂಡ.

“ಚಾಚಾ, ಮತ್ತೆ ಅದೇ ಬಾಕ್ಸಿಂಗ್ ಕಥೆನಾ? ಅಬ್ಬಾಗೆ ಬಿಪಿ ಇದೆ. ಬಿಟ್ಬಿಡಿ.”

ಬಿಡುವುದು ಹೇಗೆ? ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪ ಅದು. ಇಬ್ಬರೂ ಮೀಸೆ ಚಿಗುರಿದ ಹುಡುಗರಾಗಿದ್ದಾಗ ಹಲಸೂರಿನ ಸಭಾಂಗಣದಲ್ಲಿ ರಾಜ್ಯ ಮಟ್ಟದ ಫೈನಲ್. ಎದುರುಬದುರು ನಿಂತವರು ಇವರೇ. ಮೂರನೇ ಸುತ್ತಿನಲ್ಲಿ ಒಬ್ಬ ಪೆಟ್ಟು ತಿಂದೂ ತಿಂದೂ ಹಗ್ಗಕ್ಕೆ ಜೋತುಬಿದ್ದ. ಗಂಟೆ ಬಾರಿಸದಿದ್ದರೆ ನೆಲ ಕಚ್ಚುತ್ತಿದ್ದ. ತೀರ್ಪುಗಾರರು ಅವನೇ ಗೆದ್ದ ಅಂದರು! ರೆಫ್ರಿ ಅವನ ಕೈಯನ್ನೇ ಎತ್ತಿದ. ಜನ ಬಾಯಿಗೆ ಬಂದಂತೆ ಬೈದರು, ಕುರ್ಚಿ ಎಸೆದರು, ಆಮೇಲೆ ಸುಸ್ತಾಗಿ ಮನೆಗೆ ಹೋದರು. ಗೆದ್ದವನಿಗೆ ವಿಮಾನ ಕಾರ್ಖಾನೆಯಲ್ಲಿ ಆಟಗಾರರ ಕೋಟಾದ ನೌಕರಿ ಸಿಕ್ಕಿತು. ಸೋತವನಿಗೆ ಸಿಕ್ಕಿದ್ದು ಬೀದಿ.

ಅಂದಿನಿಂದ ಹುಸೇನಪ್ಪನಿಗೆ ನೆಮ್ಮದಿಯೆಂಬುದಿಲ್ಲ. ಉಂಡ ಅನ್ನ ಮೈಗೆ ಹತ್ತಲಿಲ್ಲ. “ಊರಿಗಿಲ್ಲದ ಸಂಕಟ ನಿಮಗ್ಯಾಕ್ರೀ? ಅವರು ಒಪ್ಪಲ್ಲ, ನೀವು ಬಿಡಲ್ಲ. ನಡುವೆ ನನ್ನ ತಲೆ ಚಿಟ್ಟು ಹಿಡಿದೋಯ್ತು,” ಎಂದು ಹೆಂಡತಿ ರಾಜೇಶ್ವರಿ ಬೆಳಿಗ್ಗೆಯೂ ಗೊಣಗಿದ್ದಳು. ಆಕೆ ಇಸ್ತ್ರಿ ಮಾಡಿಟ್ಟಿದ್ದ ಹೊಸ ಶರ್ಟನ್ನು ಮಂಚದ ಮೇಲೇ ಬಿಟ್ಟು, ಹೊಸ ತಿಪ್ಪಸಂದ್ರದಿಂದ ಬಸ್ಸು ಹತ್ತಿ ಬಂದಿದ್ದ. ಮೊಣಕಾಲು ನೋಯುತ್ತಿತ್ತು. ಅದಕ್ಕಿಂತ ಹೆಚ್ಚು ದಣಿದದ್ದು ಜೀವ.

ಇವತ್ತು ಬಿಟ್ಟರೆ ಮತ್ತೆ ಕಾಲ ಕೂಡಿ ಬರುವುದಿಲ್ಲ. ಸಂಜೆ ಅದೇ ಸಭಾಂಗಣದಲ್ಲಿ ಅಂದಿನ ಚಾಂಪಿಯನ್‌ಗೆ ಸನ್ಮಾನ. ಶಾಲು, ಪೇಟ, ಹಾರ, ಭಾಷಣ, ಎಲ್ಲವೂ ಉಂಟು. ಸುಳ್ಳಿಗೆ ಶಾಲು ಹೊದಿಸುವುದನ್ನು ತಡೆದುಕೊಳ್ಳುವ ಶಕ್ತಿ ಹುಸೇನಪ್ಪನಲ್ಲಿ ಉಳಿದಿರಲಿಲ್ಲ.

“ಸಂಜೆ ಸ್ಟೇಜ್ ಹತ್ತು, ಮೈಕು ಹಿಡಿ,” ಎಂದ ಅವನು. “ನಿಜವಾಗಿ ಗೆದ್ದೋನು ಯಾರು ಅಂತ ನಾಲ್ಕು ಜನದ ಮುಂದೆ ಹೇಳು. ನಾನು ಹೇಳಿ ಹೇಳಿ ಸಾಕಾಯ್ತು. ನನ್ನ ಬಾಯಿಂದ ಬಂದ್ರೆ ಯಾರೂ ನಂಬಲ್ಲ.”

“ರೆಫ್ರಿ ಯಾರ ಕೈ ಎತ್ತಿದ್ನೋ ಅವನೇ ಗೆದ್ದೋನು,” ಎಂದ ಅಕ್ತರ್. “ಜಾನೇ ದೇ ಭಾಯ್, ಬಿಟ್ಬಿಡು.”

“ಸುಳ್ಳು! ಯಾರು ಯಾರಿಗೆ ಹೊಡೆದ್ರು ಅಂತ ನಮ್ಮಿಬ್ಬರ ಮೈಗೆ ಗೊತ್ತಿಲ್ವೇನೋ?”

ಅಕ್ತರ್ ಲೋಟ ಕೆಳಗಿಟ್ಟ. “ಗೊತ್ತು ಅಂತಾನೇ ಇಟ್ಕೋ. ಆ ತೀರ್ಪು ತಪ್ಪು ಅಂದ್ರೆ ಆ ನೌಕರಿನೂ ತಪ್ಪು ಅಂತಾಯ್ತು. ಆ ಅನ್ನ ತಿಂದು ಬೆಳೆದ ಮಕ್ಕಳು ನಾಳೆ ಅಪ್ಪನ ಮುಖ ಹೇಗೆ ನೋಡ್ಬೇಕು? ಆ ಪಾಪ ನನಗೆ ಬೇಡ.”

ಅಂಗಡಿಯೊಳಗೆ ಜಿಯಾವುಲ್ಲಾ ತಲೆತಗ್ಗಿಸಿ ಬೇರಿಂಗ್ ಒರೆಸುತ್ತಿದ್ದ.

“ಹಾಗಾದ್ರೆ ಸಂಜೆ ಬರ್ಲೇಬೇಡ,” ಎಂದ ಹುಸೇನಪ್ಪ.

“ಬರದೆ ಇರ್ತೀನಾ? ಮುಂದಿನ ಸಾಲಲ್ಲೇ ಕೂತ್ಕೋತೀನಿ,” ಎಂದು ಅಕ್ತರ್ ನಕ್ಕ. ನಗುವೂ ದಣಿದಿತ್ತು.

ಹೇಳಿದಂತೆಯೇ ಬಂದ. ಅಕ್ಕಪಕ್ಕದಲ್ಲೇ ಕೂತರು. ಫ್ಯಾನು ಗರಗರ ಅನ್ನುತ್ತಿತ್ತು. ಸಂಘದ ಕಾರ್ಯದರ್ಶಿ ಆ ಫೈನಲ್ಲನ್ನು ಬಣ್ಣಿಸಿದ್ದೇ ಬಣ್ಣಿಸಿದ್ದು. ಎಸೆದ ಕುರ್ಚಿಗಳ ಸುದ್ದಿಯೇ ಅದರಲ್ಲಿ ಇರಲಿಲ್ಲ. ಹುಸೇನಪ್ಪ ಅಕ್ತರನ ಮಣಿಕಟ್ಟು ಹಿಡಿದುಕೊಂಡ.

“ಕೊನೇ ಸಲ ಕೇಳ್ತಿದೀನಿ ಕಣೋ. ಎದ್ದು ಹೇಳು. ನಾನು ಸಾಯೋ ಮುಂಚೆ ಹೇಳು.”

ಕಾರ್ಯದರ್ಶಿ ಶಾಲನ್ನು ಬಿಡಿಸಿ ಹಿಡಿದು, “ಚಾಂಪಿಯನ್ ವೇದಿಕೆಗೆ ಬರಬೇಕು,” ಎಂದು ಕರೆದ.

ಅಕ್ತರ್ ಎದ್ದು ನಿಂತ. ಅಂತೂ ಎದ್ದ! ಹುಸೇನಪ್ಪನ ಕಣ್ಣು ತುಂಬಿ ಬಂತು.

“ಅವತ್ತು ನಾನು ನ್ಯಾಯವಾಗೇ ಸೋತೆ ಸ್ವಾಮಿ, ಕಾರ್ಖಾನೆಯಲ್ಲಿ ಇವನು ದುಡಿದು ತಿಂದ ಅನ್ನ ಇವನದೇ,” ಎಂದು ಅಕ್ತರ್ ಸಭೆಗೆಲ್ಲ ಕೇಳುವಂತೆ ಹೇಳಿ, ಪಕ್ಕಕ್ಕೆ ಬಗ್ಗಿದ. “ಏಳೋ ಹುಸೇನಪ್ಪ, ನಿನ್ನನ್ನೇ ಕರೀತಿದಾರೆ.”