ಯಾರಿಗೂ ಗೊತ್ತಾಗದ ಹಾಗೆ

ವೃದ್ಧಾಶ್ರಮದ ಊಟದ ಹಾಲ್‌ನಲ್ಲಿ ಹೊಸದಾಗಿ ಸೇರಿದ ಎಂಟು ಹುಡುಗಿಯರಿಗೆ ಹಿರಿಯ ನರ್ಸ್ ಪಾಠ ಹೇಳುತ್ತಿದ್ದಳು. ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವುದು, ನುಂಗಲು ಕಷ್ಟಪಡುವವರಿಗೆ ಉಣಿಸುವುದು ಎಲ್ಲ ಮುಗಿದು ಕೊನೆಗೆ ಸಾವಿನ ವಿಷಯ ಬಂತು. ಯಾರಾದರೂ ತೀರಿಕೊಂಡರೆ ಮೊದಲು ಅಕ್ಕಪಕ್ಕದ ಬಾಗಿಲು ಮುಚ್ಚಬೇಕು, ಹಿತ್ತಿಲ ಬಾಗಿಲಿನಿಂದ ಸಾಗಿಸಬೇಕು, ಉಳಿದವರು ಕೇಳಿದರೆ ಆಸ್ಪತ್ರೆಗೆ ಸೇರಿಸಿದ್ದೇವೆ ಎನ್ನಬೇಕು ಎಂದಳು. ವಯಸ್ಸಾದವರ ಮನಸ್ಸು ಮಾಗಿದ ಹಣ್ಣಿನಂಥದು, ಸ್ವಲ್ಪ ಒತ್ತಿದರೂ ಗಾಯ.

"ಹೋದ ವಾರ ಹನ್ನೆರಡನೇ ರೂಮಿನವರು ಹೋದಾಗ ಹಾಗೇ ಮಾಡಿದ್ವಿ. ಯಾರಿಗೂ ಗೊತ್ತಾಗಲಿಲ್ಲ."

ಹುಡುಗಿಯರು ಬರೆದುಕೊಂಡರು. ಹಿಂದೆ ಕುರ್ಚಿ ಸರಿದ ಸದ್ದಾಯಿತು.

ಟೈಲರಜ್ಜಿ. ಇಲ್ಲಿರುವವರ ಕಷ್ಟಸುಖವನ್ನು ಹೊಸಬರಿಗೆ ನಾಲ್ಕು ಮಾತಿನಲ್ಲಿ ತಿಳಿಸಲು ಅವಳನ್ನು ಹನ್ನೊಂದಕ್ಕೆ ಕರೆದಿದ್ದರು. ಅವಳು ಹತ್ತೂವರೆಗೇ ಬಂದು ಕಂಬದ ಮರೆಯಲ್ಲಿ ಕುಳಿತಿದ್ದಳು. ಹೇಳಿದ ದಿನಕ್ಕಿಂತ ಮೊದಲೇ ಬಟ್ಟೆ ಹೊಲಿದುಕೊಟ್ಟ ಟೈಲರ್ ಭೂಮಿಯ ಮೇಲೆ ತಾನೊಬ್ಬಳೇ ಎಂಬುದು ಅವಳ ಜಂಬ.

ಮಡಿಲಲ್ಲಿ ಹನ್ನೆರಡನೇ ರೂಮಿನ ಟೀಚರಮ್ಮನ ಸ್ವೆಟರ್ ಇತ್ತು. ಇಬ್ಬರೂ ಆರು ವರ್ಷದಿಂದ ಒಂದೇ ಮೇಜಿನಲ್ಲಿ ಕೂತು ಉಂಡವರು. ಟೀಚರಮ್ಮನಿಗೆ ಕೈನಡುಕ, ಸಣ್ಣ ಗುಂಡಿ ಬೆರಳಿಗೆ ಸಿಗುತ್ತಿರಲಿಲ್ಲ. ಆಸ್ಪತ್ರೆಯಿಂದ ಬರುವಷ್ಟರಲ್ಲಿ ಮುಗಿಸಿಡೋಣವೆಂದು ಅಜ್ಜಿ ವಾರವಿಡೀ ಕೂತು, ಹಳೆಯ ಗುಂಡಿ ಕಿತ್ತು, ಕಾಜಾ ಅಗಲ ಮಾಡಿ, ದೊಡ್ಡ ಗುಂಡಿ ಹೊಲಿದಿದ್ದಳು. ಅದನ್ನೇ ಹುಡುಗಿಯರಿಗೆ ತೋರಿಸಿ, ನಮ್ಮ ಗುಂಡಿ ನಾವೇ ಹಾಕಿಕೊಳ್ಳುವವರೆಗೆ ಸ್ವಲ್ಪ ತಾಳ್ಮೆಯಿರಲಿ ಎಂದು ಹೇಳುವವಳಿದ್ದಳು.

ನರ್ಸ್‌ಗೆ ಅವಳು ಕಂಡದ್ದು ಆಗಲೇ. ಬಂದು ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತಳು.

"ನಿಮಗೆ ನೋವಾಗಬಾರದು ಅಂತ, ಅಜ್ಜಿ..."

"ಆಗಲಿ ಬಿಡಮ್ಮ. ಆರು ವರ್ಷದ ಸ್ನೇಹಕ್ಕೆ ಅಷ್ಟೂ ಆಗದಿದ್ರೆ ಹೇಗೆ?"

ಅವಳು ಅಳಲಿಲ್ಲ. ಸ್ವೆಟರನ್ನು ಮಡಿಲ ಮೇಲೆ ಹರಡಿ, ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಗುಂಡಿ ಹಾಕಿದಳು. ಹುಡುಗಿಯರ ಪೆನ್ನು ನಿಂತಿತ್ತು. ನರ್ಸ್ ತಗ್ಗಿದ ದನಿಯಲ್ಲಿ, ಟೀಚರಮ್ಮ ಮಲಗಿದಲ್ಲೇ ಹೋದರೆಂದೂ, ಸಂಕಟಪಡಲಿಲ್ಲವೆಂದೂ, ಆಮೇಲೆ ಮಗಳು ಬಂದು ಕರೆದೊಯ್ದಳೆಂದೂ ಹೇಳಿದಳು.

"ಯಾವತ್ತು?"

"ಹೋದ ಸೋಮವಾರ. ಸಾಯಂಕಾಲ ನಾಲ್ಕಕ್ಕೆ."

ಅಜ್ಜಿ ಕಣ್ಣು ಮುಚ್ಚಿ ನೆನಪಿಸಿಕೊಂಡಳು.

"ಸೋಮವಾರ ಸಾಯಂಕಾಲ ನಾನು ಇಸ್ಪೀಟಲ್ಲಿ ಗೆದ್ದಿದ್ದೆ," ಎಂದಳು. "ಹೊಟ್ಟೆ ಹಿಡ್ಕೊಂಡು ನಕ್ಕಿದ್ದೆ ಕಣಮ್ಮ."