ಪೆಟ್ರೋಲ್ ಟ್ಯಾಂಕಿನ ಮುಚ್ಚಳ

ಉಡುಪಿಯ ಬಂಕಿನಲ್ಲಿ ನನ್ನ ಕಾರಿನ ಟ್ಯಾಂಕು ತೆರೆದು ಪೆಟ್ರೋಲಿನ ವಾಸನೆ ಬಂದಾಗಲೆಲ್ಲ ಅಪ್ಪನ ರಜೆಯ ಆ ಕೊನೆಯ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಮಸ್ಕತ್ತಿನಲ್ಲಿ ಮೆಕ್ಯಾನಿಕ್ ಆಗಿದ್ದರು. ಎರಡು ವರ್ಷಕ್ಕೊಮ್ಮೆ ಶಂಕರಪುರದ ಮನೆಗೆ ಬರುತ್ತಿದ್ದರು. ಆ ಸಲ ಕೊಂಡ ಹಳೆಯ ಕಾರು ಸ್ವಲ್ಪ ದೂರ ಸರಿಯಾಗಿ ಓಡಿ ಫಕ್ಕನೆ ನಿಂತುಬಿಡುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತಿತ್ತು. ಪ್ಲಗ್ಗು, ಪಂಪು ಎಲ್ಲ ಬದಲಾಯಿಸಿ ಆಗಿತ್ತು. ನನಗಂತೂ ಅದು ನಿಂತರೆ ಖುಷಿ. ರಸ್ತೆ ಬದಿಯ ನೆರಳಿನಲ್ಲಿ ಅಪ್ಪ ಬೇರೇನೂ ಕೆಲಸವಿಲ್ಲದವರಂತೆ ನನ್ನ ಜೊತೆ ಕೂತು ಮಾತಾಡುತ್ತಿದ್ದರು.

ಅಂದು ಕಾರ್ಕಳದಿಂದ ಬರುವಾಗ ಅದು ಮತ್ತೆ ನಿಂತಿತು.

"ನಾಳೆ ಹೀಗಾದರೆ ನಿಮ್ಮ ವಿಮಾನ ತಪ್ಪುತ್ತದೆ ಅಲ್ವಾ?" ಎಂದರು ಅಮ್ಮ.

ಅಪ್ಪ ಈ ಬಾರಿ ಬಾನೆಟ್ ಎತ್ತಲಿಲ್ಲ. ಹಿಂದೆ ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಉಸ್ಸೆಂದು ಗಾಳಿ ಒಳಕ್ಕೆ ನುಗ್ಗಿತು.

"ಕೇಳಿತಾ ಮಗಾ? ಇಂಜಿನಿಗೆ ಎಂತದೂ ಆಗಿಲ್ಲ. ಈ ಮುಚ್ಚಳದಲ್ಲಿ ಗಾಳಿ ಹೋಗಲಿಕ್ಕೆ ಒಂದು ತೂತು ಉಂಟು, ಅದು ಕಟ್ಟಿದೆ. ಒಳಗೆ ಗಾಳಿ ಹೋಗದಿದ್ದರೆ ಪೆಟ್ರೋಲ್ ಹೊರಗೆ ಬರುವುದಿಲ್ಲ."

ಅಮ್ಮನ ಸೆರಗಿನ ಪಿನ್ನಿನಿಂದ ತೂತಿನ ಮಣ್ಣು ಕೆರೆದು, ಬಾಯಿಟ್ಟು ಊದಿದರು. ಪರೀಕ್ಷೆಗೆಂದು ಕಾಪುವಿನ ಕಡಲ ತೀರದವರೆಗೂ ಓಡಿಸಿದರು. ಪ್ರತಿ ಏರಿನಲ್ಲೂ ನಾನು ಸೀಟಿನ ಅಂಚು ಹಿಡಿದು, ಇಲ್ಲಿ ನಿಲ್ಲಲಿ ದೇವರೇ ಎಂದು ಬೇಡಿಕೊಂಡೆ.

"ಕಾರು ಸರಿಯಾಯ್ತಲ್ಲ ಮಾರಾಯ್ತಿ, ಯಾಕೆ ಸಪ್ಪಗಿದ್ದಿ?" ಎಂದು ಅಪ್ಪ ನನ್ನ ಕೆನ್ನೆ ಹಿಂಡಿದರು. ನಾನು ಕಿಟಕಿಯ ಕಡೆ ತಿರುಗಿದೆ.

ಮರುದಿನ ವಿಮಾನ ನಿಲ್ದಾಣದವರೆಗೂ ಕಾರು ಒಮ್ಮೆಯೂ ನಿಲ್ಲಲಿಲ್ಲ.